ಅಧ್ಯಯನ ಪ್ರವಾಸಕ್ಕೊಂದು ಸವಿನಯ ಸಲಹೆ

ಹೊರದೇಶಗಳ ಚರಂಡಿ, ಮೆಟ್ರೊ, ಕಸದ ಲಾರಿಗಳನ್ನೆಲ್ಲ ಸಾರ್ವಜನಿಕರ ಖರ್ಚಿನಲ್ಲಿ ಕಣ್ತುಂಬಿಕೊಂಡು ಬರುವ ನಮ್ಮ ಜನಪ್ರತಿನಿಧಿಗಳ ಮುಂದಿನ ಅಧ್ಯಯನ ಪ್ರವಾಸಕ್ಕೆ, ತುಮಕೂರಿನ ಒಬ್ಬ ಸಾಮಾನ್ಯ ತೆರಿಗೆದಾರನಾಗಿ, ಶ್ರೀಲಂಕಾದ ರಿಟಿಗಲ ಬೆಟ್ಟವನ್ನು ಶಿಫಾರಸು ಮಾಡುತ್ತೇನೆ. ಆಗಿನ ರಾಜಧಾನಿ ಅನುರಾಧಪುರದ ಆಗ್ನೇಯಕ್ಕೆ, ದಟ್ಟ ಕಾಡಿನೊಳಗಿರುವ ಈ ಪ್ರಾಚೀನ ಬೌದ್ಧ ಅರಣ್ಯವಿಹಾರಕ್ಕೆ 9ನೇ ಶತಮಾನದಲ್ಲಿ ಮೊದಲನೆಯ ಸೇನನೆಂಬ ದೊರೆ ಆಶ್ರಯ ನೀಡಿದ್ದ. ಅಲ್ಲಿದ್ದವರು ಪಾಂಸುಕೂಲಿಕ ಭಿಕ್ಷುಗಳು. ಸ್ಮಶಾನದಲ್ಲಿಯೂ ತಿಪ್ಪೆಯಲ್ಲಿಯೂ ಬಿದ್ದ ಚಿಂದಿಯನ್ನು ಹೊಲಿದು ಉಡುವ ವ್ರತದವರು. ಶಾಲು, ಮೈಸೂರು ಪೇಟ, ಗಂಧದ ಹಾರ ಯಾವುದೂ ಇಲ್ಲದೆ ಮನುಷ್ಯ ಬದುಕಿರಬಲ್ಲನೆಂಬ ಸಂಗತಿಯೇ ನಿಯೋಗಕ್ಕೆ ಆಘಾತ ತರಬಹುದಾದ್ದರಿಂದ, ವೈದ್ಯರೊಬ್ಬರು ಜೊತೆಗಿರುವುದು ಕ್ಷೇಮ.

ಎರಡನೆಯ ಆಘಾತ ಇನ್ನೂ ದೊಡ್ಡದು. ಅಲ್ಲಿ ಸ್ತೂಪವಿಲ್ಲ, ಬುದ್ಧನ ವಿಗ್ರಹವಿಲ್ಲ; ಕಲ್ಲುಹಾಸಿನ ದಾರಿ, ಕಲ್ಲಿನ ಸೇತುವೆಯಿಂದ ಕೂಡಿಸಿದ ಜೋಡಿ ಜಗಲಿಗಳು, ಎಲ್ಲವೂ ಬೋಳುಬೋಳು. ಇಂಥ ವಿಹಾರಗಳಲ್ಲಿ ಶಿಲ್ಪಿಯ ಉಳಿ ಮನಸಾರೆ ಆಡಿರುವುದು ಮೂತ್ರ ವಿಸರ್ಜನೆಗೆ ಇಟ್ಟ ಕಲ್ಲುಗಳ ಮೇಲೆ. ರಾಜಧಾನಿಯ ಶ್ರೀಮಂತ ವಿಹಾರಗಳ ಡೌಲನ್ನು ಆ ಕಲ್ಲುಗಳ ಮೇಲೆ ಕೆತ್ತಿಸಿಟ್ಟು, ಕಾಡಿನ ಭಿಕ್ಷುಗಳು ದಿನವೂ ಹೀಗೆ ತೊಳೆಯುತ್ತಿದ್ದರೆಂಬ ವ್ಯಾಖ್ಯಾನವಿದೆ.

ಶೌಚಕ್ಕೂ ಶಿಲೆಗೂ ನಂಟು ಬೆಸೆಯುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ನಮ್ಮ ಜಿಲ್ಲೆಯ ಬೆಟ್ಟವೊಂದರ ತಪ್ಪಲಿನಲ್ಲಿ ಪ್ರವಾಸಿಗರಿಗೆಂದು ಕಟ್ಟಿಸಿದ ಶೌಚಾಲಯದ ಬಾಗಿಲಿಗೆ ತುಕ್ಕು ಹಿಡಿದ ಬೀಗವಿದೆ. ನಲ್ಲಿ ಇರಬೇಕಾದ ತೂತಿಗೆ ಯಾರೋ ಬಟ್ಟೆ ತುರುಕಿದ್ದಾರೆ. ಆದರೆ ಗೋಡೆಯ ಮೇಲಿನ ಕರಿ ಗ್ರಾನೈಟ್ ಫಲಕ ಮಾತ್ರ ತಲೆ ಬಾಚಿಕೊಳ್ಳಬಹುದಾದಷ್ಟು ಹೊಳೆಯುತ್ತಿದ್ದು, ಉದ್ಘಾಟಕರು, ಅಧ್ಯಕ್ಷತೆ, ಘನ ಉಪಸ್ಥಿತಿ, ಮುಖ್ಯ ಅತಿಥಿಗಳು ಎಂದು ಬಂಗಾರದ ಬಣ್ಣದ ಅಕ್ಷರಗಳಲ್ಲಿ ಇಳಿಯುತ್ತ ಹೋಗಿ, ಗುತ್ತಿಗೆದಾರರ ಹೆಸರಿನಲ್ಲಿ ಮಂಗಳ ಹಾಡುತ್ತದೆ. ಅಷ್ಟನ್ನೂ ಓದುವವರೆಗೆ ತಡೆದುಕೊಳ್ಳಲಾಗದ ಪ್ರವಾಸಿ ಹಿಂದಿನ ಬಂಡೆಯ ಮರೆಗೆ ಓಡುತ್ತಾನೆ. (ಬಂಡೆಗೆ ಇನ್ನೂ ಉದ್ಘಾಟನೆಯಾಗಿಲ್ಲ, ಆದ್ದರಿಂದಲೇ ಅದು ಬಳಕೆಯಲ್ಲಿದೆ.)

ಪ್ರವಾಸದಿಂದ ಮರಳಿದ ನಿಯೋಗವು ರಿಟಿಗಲ ಮಾದರಿಯನ್ನು ಇಲ್ಲಿಯೂ ಜಾರಿಗೊಳಿಸಬೇಕೆಂದು, ಅಂದರೆ ಫಲಕವನ್ನು ಗೋಡೆಯಿಂದ ಕಿತ್ತು ಉಪಯೋಗದ ಕಲ್ಲಿನ ಮೇಲೆಯೇ ಕೆತ್ತಿಸಬೇಕೆಂದು ವರದಿ ಕೊಟ್ಟರೆ, ಶಿಷ್ಟಾಚಾರ ವಿಭಾಗಕ್ಕೆ ಹೊಸ ತಲೆನೋವು ಶುರುವಾಗುತ್ತದೆ. ತಮ್ಮ ಹೆಸರನ್ನು ಕೈಬಿಟ್ಟು ವಿರೋಧ ಪಕ್ಷದವರ ಹೆಸರನ್ನೇ ಮೊದಲ ಸಾಲಿನಲ್ಲಿ ಹಾಕಬೇಕೆಂದು ಎಲ್ಲರೂ ಏಕಕಂಠದಿಂದ ಪಟ್ಟು ಹಿಡಿಯುವ ಆ ಸಭೆಗೆ ಪ್ರೇಕ್ಷಕರ ಪಾಸ್ ಸಿಗುವುದಾದರೆ, ನನ್ನದೊಂದು ಅರ್ಜಿ ಇರಲಿ.