ಬಾಬ್, ಟ್ಯಾನರ್ ಮತ್ತು ನಮ್ಮ ನಾಲ್ಕಾಣೆ

ಒಂದು ವಸ್ತು ಬಳಕೆ ತಪ್ಪಿದರೆ ಅದರ ಹೆಸರೂ ಜನರ ಬಾಯಿಂದ ಜಾರಿಹೋಗುತ್ತದೆ ಎಂಬ ಮಾತನ್ನು ನಾವೆಲ್ಲ ಹೆಚ್ಚು ಯೋಚಿಸದೆ ಒಪ್ಪಿಕೊಂಡಿದ್ದೇವೆ. ಇಂಗ್ಲೆಂಡಿನ ಹಳೆಯ ನಾಣ್ಯಗಳಿಗೆ ಅಲ್ಲಿನ ಜನ ಇಟ್ಟುಕೊಂಡಿದ್ದ ಆಡುಮಾತಿನ ಹೆಸರುಗಳ ಗತಿಯನ್ನು ನೋಡಿದರೆ ಈ ಮಾತು ಅರ್ಧ ಮಾತ್ರ ನಿಜವೆಂದು ನನಗೆ ಅನ್ನಿಸುತ್ತದೆ. ಅಲ್ಲಿ ನಾಣ್ಯ ಇನ್ನೂ ಜೇಬಿನಲ್ಲಿರುವಾಗಲೇ ಹೆಸರು ಸೊರಗಿತು. ನಮ್ಮಲ್ಲಿ ಆಣೆಯ ಲೆಕ್ಕವೇ ರದ್ದಾಗಿ ಐವತ್ತು ವರ್ಷ ಕಳೆದ ಮೇಲೂ ಹೆಸರು ಗಟ್ಟಿಯಾಗಿತ್ತು.

ದಶಮಾಂಶ ಪದ್ಧತಿ ಜಾರಿಗೆ ಬಂದ 1971ರ ಫೆಬ್ರುವರಿ 15ಕ್ಕೆ ಮೊದಲು ಬ್ರಿಟನ್ನಿನಲ್ಲಿ ಒಂದು ಪೌಂಡಿಗೆ 20 ಶಿಲ್ಲಿಂಗ್, ಒಂದು ಶಿಲ್ಲಿಂಗಿಗೆ 12 ಪೆನ್ನಿ, ಒಟ್ಟಿನಲ್ಲಿ ಪೌಂಡಿಗೆ 240 ಪೆನ್ನಿ. ಪುಸ್ತಕದಲ್ಲಿ ಶಿಲ್ಲಿಂಗ್ ಎಂದಿದ್ದದ್ದು ಬೀದಿಯಲ್ಲಿ ಬಾಬ್ ಆಗಿತ್ತು. ಆರು ಪೆನ್ನಿಯ ಬಿಳಿಯ ಪುಟ್ಟ ನಾಣ್ಯ ಟ್ಯಾನರ್. ಎರಡು ಶಿಲ್ಲಿಂಗಿನ ನಾಣ್ಯಕ್ಕೆ ಫ್ಲಾರಿನ್ ಎಂಬ ಘನವಾದ ಹೆಸರಿದ್ದರೂ ಜನ ಅದನ್ನು ಟೂ ಬಾಬ್ ಬಿಟ್ ಎನ್ನುತ್ತಿದ್ದರು. ಎರಡೂವರೆ ಶಿಲ್ಲಿಂಗಿನ ಹಾಫ್ ಕ್ರೌನನ್ನು ಕೆಲವರು ಹಾಫ್ ಎ ಡಾಲರ್ ಎಂದು ಕರೆಯುತ್ತಿದ್ದದ್ದು, ಪೌಂಡಿಗೆ ಸುಮಾರು ನಾಲ್ಕು ಡಾಲರ್ ಬೆಲೆಯಿದ್ದ ಕಾಲದ ನೆನಪಿನಿಂದ. ಮೂರು ಪೆನ್ನಿಯ, ಹನ್ನೆರಡು ಮೂಲೆಗಳಿದ್ದ ಹಳದಿ ನಾಣ್ಯ ಥ್ರಪ್ಪೆನಿ ಬಿಟ್ ಆಗಿತ್ತು. ಅರ್ಧ ಪೆನ್ನಿ ಬಾಯಲ್ಲಿ ಸವೆದು ಹೇಪ್ನಿ ಆಗಿತ್ತು. ಕಾಲು ಪೆನ್ನಿಯಾದ ಫಾರ್ದಿಂಗ್, ತನ್ನ ಮೇಲಿದ್ದ ಪುಟ್ಟ ಹಕ್ಕಿಯ ಚಿತ್ರದೊಡನೆ 1960ರ ಕೊನೆಗೇ ಚಲಾವಣೆಯಿಂದ ನಿರ್ಗಮಿಸಿತ್ತು.

ಈ ಹೆಸರುಗಳು ಕೇವಲ ಅಲಂಕಾರವಾಗಿರಲಿಲ್ಲ, ಅವುಗಳಲ್ಲೇ ಲೆಕ್ಕ ನಡೆಯುತ್ತಿತ್ತು. ಅಂಗಡಿಯವನು ಒಂದು ಪದಾರ್ಥಕ್ಕೆ 'ಟೂ ಅಂಡ್ ಸಿಕ್ಸ್' ಎಂದರೆ ಎರಡು ಶಿಲ್ಲಿಂಗ್ ಆರು ಪೆನ್ನಿ. ಇನ್ನೊಂದಕ್ಕೆ 'ಒನ್ ಅಂಡ್ ನೈನ್' ಎಂದರೆ ಒಂದು ಶಿಲ್ಲಿಂಗ್ ಒಂಬತ್ತು ಪೆನ್ನಿ. ಎರಡನ್ನೂ ಕೂಡಿಸುವಾಗ ಆರಕ್ಕೆ ಒಂಬತ್ತು ಸೇರಿ ಹದಿನೈದು, ಅದರಲ್ಲಿ ಹನ್ನೆರಡನ್ನು ತೆಗೆದು ಒಂದು ಶಿಲ್ಲಿಂಗ್ ದಶಕ ಹಿಡಿದು ಮೂರನ್ನು ಉಳಿಸಿಕೊಂಡರೆ ಮೊತ್ತ ನಾಲ್ಕು ಶಿಲ್ಲಿಂಗ್ ಮೂರು ಪೆನ್ನಿ. ಪ್ರಾಥಮಿಕ ಶಾಲೆಯ ಮಕ್ಕಳು ಇದನ್ನು ಬಾಯಿಲೆಕ್ಕದಲ್ಲೇ ಮಾಡಬೇಕಾಗಿತ್ತು. ನಮ್ಮ ಹಿರಿಯರು ರೂಪಾಯಿ, ಆಣೆ, ಪೈಗಳನ್ನು ಮೂರು ಕಂಬಸಾಲುಗಳಲ್ಲಿ ಬರೆದು ಕೂಡುತ್ತಿದ್ದದ್ದನ್ನು ಕಂಡವರಿಗೆ ಇದು ಹೊಸದೇನಲ್ಲ.

1966ರ ಮಾರ್ಚ್ 1ರಂದು ಅಂದಿನ ಹಣಕಾಸು ಸಚಿವ ಜೇಮ್ಸ್ ಕ್ಯಾಲಹನ್ ಪೌಂಡಿಗೆ ನೂರು ಹೊಸ ಪೆನ್ಸ್ ಎಂಬ ದಶಮಾಂಶ ಪದ್ಧತಿಯನ್ನು ಘೋಷಿಸಿದರು. ಬದಲಾವಣೆಯನ್ನು ಜನರಿಗೆ ಸಹ್ಯವಾಗಿಸಲು ಅಲ್ಲಿನವರು ಮಾಡಿದ ಜಾಣತನವೇ ನನ್ನ ವಾದಕ್ಕೆ ಮುಖ್ಯ ಆಧಾರ. 1968ರಲ್ಲಿ ಬಂದ ಹೊಸ ಐದು ಪೆನ್ಸ್ ನಾಣ್ಯವನ್ನು ಶಿಲ್ಲಿಂಗಿನ ಅಳತೆಗೂ, ಹತ್ತು ಪೆನ್ಸ್ ನಾಣ್ಯವನ್ನು ಫ್ಲಾರಿನ್ನಿನ ಅಳತೆಗೂ ಸರಿಯಾಗಿ ಟಂಕಿಸಿದರು. ಹಾಗಾಗಿ ಹಳೆಯ ಶಿಲ್ಲಿಂಗ್ 1990ರ ಕೊನೆಯವರೆಗೂ ಐದು ಪೆನ್ಸ್ ಆಗಿ, ಹಳೆಯ ಆರು ಪೆನ್ನಿ 1980ರವರೆಗೂ ಎರಡೂವರೆ ಪೆನ್ಸ್ ಆಗಿ ಚಲಾವಣೆಯಲ್ಲಿದ್ದವು. ಅಷ್ಟಾದರೂ ಬಾಬ್ ಮತ್ತು ಟ್ಯಾನರ್ ಎಂಬ ಹೆಸರುಗಳನ್ನು ಅವು ಉಳಿಸಿಕೊಡಲಿಲ್ಲ. ವಯಸ್ಸಾದವರು ಐವತ್ತು ಪೆನ್ಸಿಗೆ ಇನ್ನೂ ಕೆಲವು ವರ್ಷ 'ಟೆನ್ ಬಾಬ್' ಎನ್ನುತ್ತಿದ್ದದ್ದು ನಿಜ, ಆದರೆ 1971ರ ನಂತರ ಎಣಿಸಲು ಕಲಿತ ಮಕ್ಕಳು ಆ ಹೆಸರುಗಳನ್ನು ಎಣಿಕೆಗೆ ಬಳಸಲಿಲ್ಲ. ಅವುಗಳ ಜಾಗಕ್ಕೆ ಬಂದದ್ದು 'ಪೀ' ಎಂಬ ಒಂದೇ ಅಕ್ಷರ. ಇಷ್ಟೊಂದು ರಸಿಕತೆಯಿಂದ ಚಿಲ್ಲರೆಗೆ ಹೆಸರಿಟ್ಟಿದ್ದ ಜನ ಕೊನೆಗೆ ಒಂದು ಒಣ ಅಕ್ಷರಕ್ಕೆ ತೃಪ್ತರಾದದ್ದು ನನಗೆ ಇಂದಿಗೂ ಸೋಜಿಗದ ಸಂಗತಿ.

ಈಗ ನಮ್ಮ ಕಡೆ ನೋಡೋಣ. ನಾವು ದಶಮಾಂಶಕ್ಕೆ ಬಂದದ್ದು ಬ್ರಿಟನ್ನಿಗಿಂತ ಸುಮಾರು ಹದಿನಾಲ್ಕು ವರ್ಷ ಮೊದಲು, 1957ರ ಏಪ್ರಿಲ್ 1ರಂದು. ಹದಿನಾರು ಆಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾಯಿತು. ಒಂದಾಣೆಗೆ ಆರೂಕಾಲು ಪೈಸೆ ಎಂಬ ಲೆಕ್ಕ ಯಾರಿಗೂ ಒಗ್ಗುವಂತಿರಲಿಲ್ಲವಾದ್ದರಿಂದ ಒಂದಾಣೆ, ಎರಡಾಣೆಗಳು ಕ್ರಮೇಣ ಮರೆಯಾದವು. ಆದರೆ ಇಪ್ಪತ್ತೈದು ಪೈಸೆಯ ನಾಣ್ಯ ನಾಲ್ಕಾಣೆಯಾಗಿ, ಐವತ್ತು ಪೈಸೆಯದು ಎಂಟಾಣೆಯಾಗಿ ಮುಂದುವರಿದವು. ಆಣೆಯ ಮುಖವನ್ನೇ ಕಾಣದ ನನ್ನ ತಲೆಮಾರಿನವರು ನಾಲ್ಕಾಣೆ ಕೊಟ್ಟು ಪೆಪ್ಪರಮಿಂಟು ಕೊಂಡಿದ್ದೇವೆ, ಸೊಪ್ಪಿನವಳು ಎಂಟಾಣೆಗೆ ಒಂದು ಕಟ್ಟು ಎಂದಾಗ ಅರ್ಥವೇನೆಂದು ಕೇಳಿಲ್ಲ. ಆ ನಾಣ್ಯದ ಮೇಲೆ ಆಣೆ ಎಂಬ ಪದವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. 2011ರ ಜೂನ್ 30ಕ್ಕೆ ಇಪ್ಪತ್ತೈದು ಪೈಸೆ ರದ್ದಾಗುವವರೆಗೂ ಅದು ನಾಲ್ಕಾಣೆಯೇ ಆಗಿತ್ತು.

ಲೆಕ್ಕ ಸರಿಯಾಗಿ ಹೊಂದಿದ ಹೆಸರುಗಳು ಉಳಿದವು, ಹೊಂದದವು ಹೋದವು ಎಂದು ಇದನ್ನು ವಿವರಿಸಿಬಿಡಬಹುದು. ಟ್ಯಾನರ್ ಮತ್ತು ಹಾಫ್ ಕ್ರೌನ್‌ಗಳಿಗೆ ಈ ವಿವರಣೆ ಸಾಕು, ಏಕೆಂದರೆ ಎರಡೂವರೆ, ಹನ್ನೆರಡೂವರೆ ಎಂಬ ಒಡಕುಸಂಖ್ಯೆಗಳನ್ನು ಯಾರೂ ಬಯಸುವುದಿಲ್ಲ. ಆದರೆ ಬಾಬಿಗೆ ಇದು ಸಾಲದು. ಒಂದು ಬಾಬ್ ಎಂದರೆ ಸರಿಯಾಗಿ ಐದು ಪೆನ್ಸ್. ಯಾವ ಒಡಕೂ ಇರಲಿಲ್ಲ, ನಾಣ್ಯವೂ ಕೈಯಲ್ಲಿತ್ತು. ಹಾಗಿದ್ದರೂ ಅದು ಏಕೆ ಸೋತಿತು?

ನನಗೆ ತೋರುವ ಉತ್ತರವೆಂದರೆ, ನಾಲ್ಕಾಣೆ ಎಂಬುದು ಹೆಸರಿಗೆ ಆಣೆಯ ಲೆಕ್ಕವಾಗಿದ್ದರೂ ವ್ಯವಹಾರದಲ್ಲಿ ಅದು ರೂಪಾಯಿಯ ಕಾಲು ಭಾಗದ ಹೆಸರಾಗಿತ್ತು. ಕಾಲು, ಅರ್ಧ, ಮುಕ್ಕಾಲು ಎಂದು ಭಾಗ ಮಾಡಿ ಎಣಿಸುವ ನಮ್ಮ ರೂಢಿ ನಾಣ್ಯಕ್ಕಿಂತ ಹಳೆಯದು. ಸೇರಿನಿಂದ ಎಕರೆಯವರೆಗೆ ಎಲ್ಲಕ್ಕೂ ಅನ್ವಯಿಸುವಂಥದು. ಸರ್ಕಾರ ನಾಣ್ಯವನ್ನು ಬದಲಾಯಿಸಿತೇ ಹೊರತು ಆ ರೂಢಿಯನ್ನಲ್ಲ. ಬಾಬ್ ಪೌಂಡಿನ ಕಾಲೂ ಅಲ್ಲ, ಅರ್ಧವೂ ಅಲ್ಲ. ಪೆನ್ನಿಗೂ ಪೌಂಡಿಗೂ ನಡುವೆ ಇದ್ದ ಒಂದು ಮೆಟ್ಟಿಲು ಅದು, ಮತ್ತು ದಶಮಾಂಶ ಪದ್ಧತಿ ಕಿತ್ತುಹಾಕಿದ್ದು ಆ ಮೆಟ್ಟಿಲನ್ನೇ. ಬೆಲೆಯನ್ನು ಶಿಲ್ಲಿಂಗಿನಲ್ಲಿ ಹೇಳುವ ಅಗತ್ಯ ತಪ್ಪಿದ ದಿನವೇ ಅದರ ಸಲಿಗೆಯ ಹೆಸರಿಗೂ ಕೆಲಸವಿಲ್ಲದಾಯಿತು. ಅಮೆರಿಕದಲ್ಲಿ ಇಪ್ಪತ್ತೈದು ಸೆಂಟಿಗೆ 'ಟೂ ಬಿಟ್ಸ್' ಎಂಬ ಹೆಸರು, 'ಬಿಟ್' ಎಂಬ ನಾಣ್ಯವನ್ನು ಆ ದೇಶ ಎಂದೂ ಟಂಕಿಸದಿದ್ದರೂ, ಬಹುಕಾಲ ಬಾಳಿದ್ದು ಇದೇ ಕಾರಣಕ್ಕೆಂದು ನಾನು ಊಹಿಸುತ್ತೇನೆ. ಅದೂ ಡಾಲರಿನ ಕಾಲು ಭಾಗವೇ.

ಪೌಂಡಿನ ಆಡುಹೆಸರಾದ ಕ್ವಿಡ್ ಇಂದಿಗೂ ಗಟ್ಟಿಯಾಗಿದೆ, ಐದರ ನೋಟು ಫೈವರ್, ಹತ್ತರ ನೋಟು ಟೆನರ್ ಆಗಿಯೇ ಇವೆ, ಏಕೆಂದರೆ ಪೌಂಡನ್ನು ಯಾರೂ ಮುಟ್ಟಲಿಲ್ಲ. ಇಪ್ಪತ್ತೈದು ಪೌಂಡಿಗೆ ಪೋನಿ, ಐನೂರಕ್ಕೆ ಮಂಕಿ ಎಂಬ ಹೆಸರುಗಳೂ ಕೆಲವರಲ್ಲಿ ಚಾಲ್ತಿಯಲ್ಲಿವೆ. ಭಾರತದ ಹಳೆಯ ನೋಟುಗಳ ಮೇಲೆ ಈ ಪ್ರಾಣಿಗಳ ಚಿತ್ರವಿದ್ದದ್ದರಿಂದ ಈ ಹೆಸರು ಬಂತೆಂಬ ಕತೆಯೊಂದು ಅಂತರ್ಜಾಲದಲ್ಲಿ ಆಗಾಗ ಸುತ್ತುತ್ತಿರುತ್ತದೆ, ನಮ್ಮವರೂ ಹೆಮ್ಮೆಯಿಂದ ಹಂಚಿಕೊಳ್ಳುತ್ತಾರೆ. ಭಾರತ ಸರ್ಕಾರ ನೋಟು ಹೊರಡಿಸಲು ತೊಡಗಿದ್ದು 1861ರ ಕಾಯ್ದೆಯ ನಂತರ. ಈ ಹೆಸರುಗಳು ಅದಕ್ಕೂ ಹಿಂದಿನವು. ದಯವಿಟ್ಟು ಹಂಚುವ ಮುನ್ನ ಒಮ್ಮೆ ಯೋಚಿಸಿ.

ಎಣಿಕೆಯಿಂದ ಹೊರಬಿದ್ದ ಹೆಸರಿಗೆ ನುಡಿಗಟ್ಟಿನಲ್ಲಿ ಆಶ್ರಯ ಸಿಗುವುದೂ ಉಂಟು. ಬೆಲೆಬಾಳುವ ವಸ್ತುವನ್ನು ಕಂಡರೆ ಇದು 'ಎ ಫ್ಯೂ ಬಾಬ್' ಬಾಳುತ್ತದೆ ಎಂದು ಇಂಗ್ಲೆಂಡಿನವರು ಈಗಲೂ ಹೇಳುತ್ತಾರೆ, ಎಷ್ಟು ಬಾಬ್ ಎಂದು ಯಾರೂ ಕೇಳುವುದಿಲ್ಲ. ನಮ್ಮಲ್ಲಿ ದುಡ್ಡು ಎಂಬುದೂ ಒಂದು ಕಾಲಕ್ಕೆ ಚಿಕ್ಕದೊಂದು ನಾಣ್ಯದ ಹೆಸರಾಗಿದ್ದು ಈಗ ಕೋಟಿಗಳಿಗೂ ಸಲ್ಲುತ್ತದೆ. 1964ರ ಜೂನ್ 1ರಂದು ಸರ್ಕಾರ 'ನಯಾ' ಎಂಬುದನ್ನು ಕೈಬಿಟ್ಟರೂ, ಸಾಲ ಕೇಳಿದವನಿಗೆ ಒಂದು ನಯಾಪೈಸೆಯನ್ನೂ ಕೊಡೆನೆಂದು ಗದರುವವರು ಇಂದಿಗೂ ಇದ್ದಾರೆ.

ಎಣಿಕೆಯ ರೂಢಿಯೇ ಹೆಸರನ್ನು ಕಾಯುತ್ತದೆ ಎಂಬುದಕ್ಕೆ ಗಿನಿಗಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಇಪ್ಪತ್ತೊಂದು ಶಿಲ್ಲಿಂಗಿನ ಈ ಚಿನ್ನದ ನಾಣ್ಯದ ಟಂಕಣ 1814ರಲ್ಲೇ ನಿಂತಿತು. ನಾಣ್ಯವಿಲ್ಲದೆಯೂ ಲಂಡನ್ನಿನ ವೈದ್ಯರು, ವಕೀಲರು ತಮ್ಮ ಶುಲ್ಕವನ್ನು ದಶಮಾಂಶ ಬರುವವರೆಗೆ ಗಿನಿಯಲ್ಲೇ ಹೇಳುತ್ತಿದ್ದರು, ಅದು ಪೌಂಡಿಗಿಂತ ಗೌರವದ ಮಾತಾಗಿತ್ತು. ನ್ಯೂಮಾರ್ಕೆಟ್ಟಿನ ಕುದುರೆ ಹರಾಜಿನಲ್ಲಿ ಈಗಲೂ ಕೂಗು ಗಿನಿಯಲ್ಲೇ ನಡೆಯುತ್ತದೆ, ಒಂದು ಗಿನಿಗೆ ಒಂದು ಪೌಂಡ್ ಐದು ಪೆನ್ಸ್ ಲೆಕ್ಕ. ಹಿಂದೆ ಕುದುರೆ ಮಾರಿದವನಿಗೆ ಪೌಂಡುಗಳನ್ನು ಕೊಟ್ಟು, ಹರಾಜು ಕೂಗಿದವನು ಪ್ರತಿ ಗಿನಿಯ ಮೇಲೆ ಉಳಿಯುವ ಒಂದು ಶಿಲ್ಲಿಂಗನ್ನು ತನ್ನ ದಲ್ಲಾಳಿ ಹಣವಾಗಿ ಇಟ್ಟುಕೊಳ್ಳುತ್ತಿದ್ದನಂತೆ.