ತಾಯತಕ್ಕೇ ಒಂದು ಸೆಕ್ಯುರಿಟಿ

1992ರಲ್ಲಿ ಸ್ಪೇನಿನ ಬಾರ್ಕರೋಟಾ ಅನ್ನೋ ಊರಲ್ಲಿ ಹಳೇ ಮನೆ ರಿಪೇರಿಗೆ ಅಂತ ಗೋಡೆ ಒಡೆದ್ರೆ ಒಳಗಿಂದ 16ನೇ ಶತಮಾನದ ಪುಸ್ತಕ ಉದುರಿದ್ವು, ಚರ್ಚಿನ ತನಿಖೆಗೆ ಹೆದರಿ ಯಾರೋ ಒಳಗಿಟ್ಟು ಮುಚ್ಚಿದ್ದು ಅಂತಾರೆ. ಅದರಲ್ಲಿ 'ಲಾಸಾರಿಯೊ ದೆ ತೋರ್ಮೆಸ್' ಅನ್ನೋ ಕಾದಂಬರಿಯ 1554ರ ಪ್ರತಿ ಇತ್ತು, ಜೊತೆಗೆ ದುಂಡಗಿನ ಒಂದು ಕಾಗದದ ತಾಯತ, ಅಲ್ಲಿನವರು ನೋಮಿನಾ ಅಂತಿದ್ರು, ಮೇಲೆ ಮಾಲೀಕನ ಹೆಸರು, ರೋಮ್, 1551 ಅಂತೆಲ್ಲ ಬರೆದಿದೆ. ಮನುಷ್ಯನ್ನ ಕಾಯ್ಲಿ ಅಂತ ಬರೆಸಿದ ತಾಯತ, ಪಾಪ, ಅದನ್ನ ಕಾಯಕ್ಕೆ ಗೋಡೆ ಬೇಕಾಯ್ತು.

ಈ ನೋಮಿನಾಗೆ ರೂಲ್ಸ್ ಬೇರೆ. ಪೆದ್ರೊ ಸಿರುವೆಲೊ ಅನ್ನೋ ಪಾದ್ರಿ ಮೂಢನಂಬಿಕೆ ವಿರುದ್ಧ ಬರೆದ ಪುಸ್ತಕದಲ್ಲಿ ಇದಕ್ಕೇ ಉರ್ಕೊಂಡಿದಾನೆ, ಇಂಥದ್ದೇ ಚರ್ಮದ ಹಾಳೆ ಬೇಕಂತೆ, ಬಿಚ್ಚಿ ಓದಿದ್ರೆ ಪವರ್ ಹೋಗುತ್ತಂತೆ. ಎಂಥಾ ಐಡಿಯಾ ಅಲ್ವಾ, ಒಳಗೇನಿದೆ ಅಂತ ಯಾರೂ ಚೆಕ್ ಮಾಡೋ ಹಾಗೇ ಇಲ್ಲ!

ಬಾಯಿಮಾತಿನ ಬಿಸಿನೆಸ್ಸು ಆ ಕಾದಂಬರಿಯ ಆಳುಹುಡುಗ ಲಾಸಾರಿಯೊನ ಕುರುಡ ಯಜಮಾನಂದು. ನೂರಕ್ಕೂ ಹೆಚ್ಚು ಪ್ರಾರ್ಥನೆ ಬಾಯಿಪಾಠ: ಮಕ್ಕಳಾಗ್ದವರಿಗೊಂದು, ಹೆರಿಗೆ ನೋವಿಗೊಂದು, ಗಂಡ ಮೂಸಿ ನೋಡದ ಹೆಂಡ್ತೀರಿಗೆ ಇನ್ನೊಂದು. ದುಡ್ಡು ಕೊಟ್ಟವರು ಅತ್ಲಾಗೆ ತಿರುಗಿದ ತಕ್ಷಣ ಹುಡುಗ ಇವನ ಬಟ್ಟೆ ಚುಂಗು ಎಳೀಬೇಕು, ಪ್ರಾರ್ಥನೆ ಅಲ್ಲಿಗೇ ಕಟ್, ಮುಂದಿನ ಗಿರಾಕಿಗೆ ಕೂಗು. ದೇವರಿಗೆ ಅರ್ಧ ಅರ್ಜಿ ತಲುಪಿದ್ರೆ ಸಾಕು ಅಂತ ಇರ್ಬೇಕು.

ಇವೆಲ್ಲ ಚಿಲ್ಲರೆ ವ್ಯಾಪಾರ. ಹೋಲ್‌ಸೇಲ್ ನೋಡ್ಬೇಕಂದ್ರೆ ಅದೇ ಪುಸ್ತಕದ ಐದನೇ ಅಧ್ಯಾಯಕ್ಕೆ ಬನ್ನಿ, ಪೋಪ್ ಹೆಸರಿನ ಪಾಪಮಾಫಿ ಪತ್ರ, ಅಂದ್ರೆ ಬುಲಾ ಮಾರೋನು. ಊರಲ್ಲಿ ಒಬ್ರೂ ತಗೊಳ್ತಿಲ್ಲ. ಪೊಲೀಸಿನವನ ಜೊತೆ ಮೊದ್ಲೇ ಮಾತಾಡ್ಕೊಂಡು, ಅವನು ಚರ್ಚಲ್ಲಿ ಎದ್ದು 'ಇವೆಲ್ಲ ಫೇಕ್' ಅನ್ನೋದು, ಅಂದವನೇ ನೆಲಕ್ಕೆ ಬಿದ್ದು ಬಾಯಲ್ಲಿ ನೊರೆ ಕಾರೋದು, ಇವನು ಕಣ್ಣೀರು ಹಾಕಿ ತಲೆ ಮೇಲೆ ಬುಲಾ ಇಡೋದು, ಅವನು ಎದ್ದು ಕೂರೋದು. ಊರಿಗೂರೇ ಕ್ಯೂ!

1559ರಲ್ಲಿ ಚರ್ಚಿನ ನಿಷೇಧಿತ ಪುಸ್ತಕಗಳ ಪಟ್ಟಿ ಬಂತು, ಬಡವರ ಎಷ್ಟೋ ಪ್ರಾರ್ಥನೆ ಚೀಟಿಗಳು ಬ್ಯಾನು, ಲಾಸಾರಿಯೊನೂ ಬ್ಯಾನು. ನಿಜವಾದ ಬುಲಾ ಮಾತ್ರ ಸೇಫು, ಯಾಕಂದ್ರೆ ಆ ದುಡ್ಡು ರಾಜನ ಖಜಾನೆಗೂ ಹೋಗ್ತಿತ್ತು. 1573ರಲ್ಲಿ ಪುಸ್ತಕಕ್ಕೆ ಕತ್ತರಿ ಹಾಕಿ ಮತ್ತೆ ಬಿಟ್ರು. ಅರ್ಧ ಪ್ರಾರ್ಥನೆ ಕುರುಡ ಉಳ್ಕೊಂಡ, ಬುಲಾ ಅಧ್ಯಾಯ ಪೂರ್ತಿ ಮಾಯ. ಬುಲಾ ಮಾರಾಟ ಮಾತ್ರ 20ನೇ ಶತಮಾನದವರೆಗೂ ಆರಾಮಾಗಿ ನಡೀತು.