ನಿಯಮ ಮಾಡುವಾಗ ನೌಕರರನ್ನೂ ಕೂರಿಸಿಕೊಳ್ಳಿ

ಬೆಂಗಳೂರಿನಲ್ಲಿ ನಾನು ಕೆಲಸಕ್ಕಿದ್ದ ಐಟಿ ಕಂಪನಿಯಲ್ಲಿ ಸೋಶಿಯಲ್ ಮೀಡಿಯಾ ಪಾಲಿಸಿ ಸೇರಿದ ದಿನವೇ ಕೈಗೆ ಬಂದಿತ್ತು. ಪಿಡಿಎಫ್‌ನ ಕೊನೆಗೆ ಹೋಗಿ 'ಒಪ್ಪಿದ್ದೇನೆ' ಒತ್ತಿದರೆ ಆಯ್ತು. ಓದಿದರೂ ಒಂದಕ್ಷರ ಬದಲಾಗುತ್ತಿರಲಿಲ್ಲ. "ಸಂಸ್ಥೆಯ ಹೆಸರಿಗೆ ಧಕ್ಕೆ ತರುವ ಏನನ್ನೂ ಹಾಕಬಾರದು" ಎಂಬ ಸಾಲು ಅದರಲ್ಲಿತ್ತು. ಸಂಬಳ ತಡವಾಯ್ತು ಅಂತ ಬರೆದರೆ ಧಕ್ಕೆಯಾ? ಕ್ಯಾಬ್ ಬರಲಿಲ್ಲ ಅಂದರೆ? ಅದನ್ನು ತೀರ್ಮಾನಿಸುವವರು ಎಚ್‌ಆರ್ ಮಾತ್ರ.

ಅಲ್ಲೇ ಮ್ಯಾನೇಜರ್ ಬೆಳಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಲಿಂಕ್ ಕಳಿಸುತ್ತಿದ್ದರು. "ಎಲ್ಲರೂ ಲಿಂಕ್ಡ್‌ಇನ್‌ನಲ್ಲಿ ಲೈಕ್ ಮಾಡಿ, ಶೇರ್ ಮಾಡಿ, ಸ್ಕ್ರೀನ್‌ಶಾಟ್ ಹಾಕಿ." ನನ್ನ ಸ್ವಂತ ಖಾತೆ ಕಂಪನಿಯ ಜಾಹೀರಾತಿಗೆ ಬೇಕು, ನನ್ನ ಮಾತು ಮಾತ್ರ ಬೇಡ. ಇದು ನ್ಯಾಯವಲ್ಲ.

ಈಗ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಲ್ಲಿ 5 ಜನ ಕಾಯಂ ನೌಕರರಿದ್ದರೂ ತಮ್ಮದೇ ಮಂಡಳಿ ಆರಿಸಿಕೊಳ್ಳಬಹುದು. ಅದಕ್ಕೆ ಬೆಟ್ರೀಬ್ಸ್‌ರಾಟ್ ಅನ್ನುತ್ತಾರೆ. ಮಂಡಳಿ ಇರುವ ಕಡೆ ಕೆಲಸದ ಜಾಗದ ನಡವಳಿಕೆಗೆ ನಿಯಮ ಮಾಡಬೇಕಾದರೆ, ನೌಕರರ ಮೇಲೆ ಕಣ್ಣಿಡಬಲ್ಲ ತಂತ್ರಜ್ಞಾನ ತರಬೇಕಾದರೆ ಅದರ ಒಪ್ಪಿಗೆ ಬೇಕೇ ಬೇಕು. 1972ರ ಕಾಯ್ದೆ ಹಾಗೆ ಹೇಳುತ್ತದೆ.

ಇದರ ಬಲ ಎಷ್ಟು ಅಂತ 2016ರ ಒಂದು ತೀರ್ಪು ನೋಡಿದರೆ ತಿಳಿಯುತ್ತದೆ. ರಕ್ತ ಸಂಗ್ರಹಿಸುವ ಸಂಸ್ಥೆಯೊಂದು ಫೇಸ್‌ಬುಕ್ ಪೇಜ್ ತೆರೆದಿತ್ತು. ಸೂಜಿ ಸರಿಯಾಗಿ ಚುಚ್ಚೋಕೆ ಬರಲ್ಲ ಎಂಬಂಥ ದೂರುಗಳನ್ನು ದಾನಿಗಳು ಅಲ್ಲೇ ಬರೆದರು. ಸಿಬ್ಬಂದಿಯ ಎದೆ ಮೇಲೆ ಹೆಸರಿನ ಬ್ಯಾಡ್ಜ್ ಇರುತ್ತಿತ್ತು. ಬೈದದ್ದು ಯಾರಿಗೆ ಅಂತ ಊರಿಗೆಲ್ಲ ಗೊತ್ತಾಗುವ ಪರಿಸ್ಥಿತಿ. ಹೊರಗಿನವರು ಹೀಗೆ ಬರೆಯಲು ಬಿಡಬೇಕೋ ಬೇಡವೋ ಎಂಬುದನ್ನು ಮಂಡಳಿಯ ಜೊತೆ ಕೂತೇ ತೀರ್ಮಾನಿಸಬೇಕು ಅಂತ ದೇಶದ ಅತ್ಯುನ್ನತ ಕಾರ್ಮಿಕ ನ್ಯಾಯಾಲಯ ಹೇಳಿತು.

ಹಾಗಂತ ಇಲ್ಲಿ ಬಾಯಿಗೆ ಬಂದದ್ದು ಬರೆಯಬಹುದು ಅಂತಲ್ಲ. ಫೇಸ್‌ಬುಕ್‌ನಲ್ಲಿ ಮಾಲೀಕರನ್ನು ಶೋಷಕ ಅಂತ ಬೈದ ಒಬ್ಬ ತರಬೇತಿ ನೌಕರನ ಕೆಲಸ ಹೋಯಿತು. 2012ರಲ್ಲಿ ಇಲ್ಲಿನ ಹಾಮ್ ನಗರದ ಕಾರ್ಮಿಕ ನ್ಯಾಯಾಲಯ ಅದು ಸರಿ ಎಂದೇ ಹೇಳಿತು. ಮಾತುಕತೆಗೆ ಸಮಯವೂ ಜಾಸ್ತಿ ಹಿಡಿಯುತ್ತದೆ. ಆದರೂ ಜೊತೆಗೆ ಕೂತು ಬರೆದ ನಿಯಮ ಸ್ಪಷ್ಟವಾಗಿರುತ್ತದೆ: ಗ್ರಾಹಕರ ಮಾಹಿತಿ ಹಾಕಬೇಡಿ, ಸಹೋದ್ಯೋಗಿಯ ಫೋಟೋ ಕೇಳದೆ ಹಾಕಬೇಡಿ. ಅದನ್ನು ಪಾಲಿಸುವುದು ಯಾರಿಗೂ ಕಷ್ಟವಲ್ಲ.

ನಮ್ಮಲ್ಲೂ ದಾರಿ ಇರಲಿಲ್ಲ ಅಂತಲ್ಲ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಲ್ಲಿ ಕೆಲಸದ ನಿಯಮಗಳ ಕರಡು ಮೊದಲು ಕಾರ್ಮಿಕರ ಮುಂದೆ ಬರಬೇಕಿತ್ತು, ಅವರ ಆಕ್ಷೇಪ ಕೇಳಬೇಕಿತ್ತು. ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಕಂಪನಿಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. 2019ರಲ್ಲೂ 2024ರಲ್ಲೂ ಮುಂದುವರಿಸಿತು. ವಿನಾಯಿತಿಗೆ ಹಾಕಿದ ಷರತ್ತುಗಳಲ್ಲಿ ಒಂದು, ಮಾಲೀಕರ ಕಡೆಯವರೂ ನೌಕರರೂ ಸಮನಾಗಿರುವ ಕುಂದುಕೊರತೆ ಸಮಿತಿ. ಕಂಪನಿಗಳು ಸೋಶಿಯಲ್ ಮೀಡಿಯಾ ಪಾಲಿಸಿಯನ್ನು ಮೊದಲು ಆ ಸಮಿತಿಯ ಮುಂದೆ ಇಡಲಿ. ಲೈಕ್, ಶೇರ್‌ಗೆ ಒತ್ತಾಯಿಸಬಾರದು ಎಂಬ ಸಾಲನ್ನು ನೌಕರರು ಅಲ್ಲೇ ಸೇರಿಸಲಿ. 'ಒಪ್ಪಿದ್ದೇನೆ' ಬಟನ್ ಆಮೇಲೆ ಬರಲಿ.